ಬದುಕಿನಲ್ಲಿ ಉಳಿದುಹೋದ ಗುರುಗಳು: ಅವರು ಮಾಡಿದ್ದನ್ನು ಬಿಡಿಸಿ ಬರೆಯೋಣ

ಲೆಕ್ಕಪರಿಶೋಧಕ (ಚರ್ಚೆಯ ಆರಂಭ)

ಗುರುಗಳನ್ನು ನೆನೆಯುವಾಗ ನಮ್ಮಲ್ಲಿ ಹೆಚ್ಚಿನವರು ಆಡುವ ಮಾತುಗಳು ಒಂದೇ ಬಗೆಯವು. ತುಂಬಾ ಒಳ್ಳೆಯವರು, ಶಿಸ್ತಿನವರು, ವಿದ್ಯಾರ್ಥಿಗಳನ್ನು ಸ್ವಂತ ಮಕ್ಕಳಂತೆ ಕಂಡವರು ಎಂದು ಹೇಳಿ ಮುಗಿಸುತ್ತೇವೆ. ಈ ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಇವನ್ನು ಯಾವ ಅಧ್ಯಾಪಕರ ಬಗ್ಗೆ ಬೇಕಾದರೂ ಹೇಳಬಹುದಾದ್ದರಿಂದ, ಒಬ್ಬರು ಒಂದು ತರಗತಿಯಲ್ಲಿ ಒಂದು ದಿನ ಮಾಡಿದ ಕೆಲಸ ಇವುಗಳ ಹಿಂದೆ ಮರೆಯಾಗಿಬಿಡುತ್ತದೆ. ಆದ್ದರಿಂದ ಇಲ್ಲಿ ಬರೆಯುವವರಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಗುರುಗಳು ಎಂಥವರಾಗಿದ್ದರು ಎಂಬುದಕ್ಕಿಂತ ಹೆಚ್ಚಾಗಿ ಅವರು ಏನು ಮಾಡಿದರು, ಅದು ಇಂದಿಗೂ ನಿಮ್ಮಲ್ಲಿ ಯಾವ ರೂಪದಲ್ಲಿ ಉಳಿದಿದೆ ಎಂಬುದನ್ನು ಬಿಡಿಸಿ ಬರೆಯಿರಿ.

ನಾನೇ ಮೊದಲು ಬರೆಯುತ್ತೇನೆ. ಪ್ರೌಢಶಾಲೆಯಲ್ಲಿ ನಮಗೆ ಗಣಿತ ಕಲಿಸುತ್ತಿದ್ದ ಮೇಷ್ಟರು, ಉತ್ತರ ತಪ್ಪಾಗಿದೆ ಎಂಬ ಕಾರಣಕ್ಕೆ ಇಡೀ ಲೆಕ್ಕದ ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಎಳೆಯುತ್ತಿರಲಿಲ್ಲ. ಲೆಕ್ಕವನ್ನು ಮೊದಲ ಸಾಲಿನಿಂದ ಓದಿಕೊಂಡು ಬಂದು, ಎಲ್ಲಿಯತನಕ ಸರಿಯಾಗಿ ನಡೆದಿದೆಯೋ ಆ ಸಾಲಿನ ಪಕ್ಕದ ಅಂಚಿನಲ್ಲಿ ಚಿಕ್ಕದೊಂದು ಗೆರೆ ಹಾಕಿ, ‘ಇಲ್ಲಿಯವರೆಗೆ ಸರಿ’ ಎಂದು ಬರೆಯುತ್ತಿದ್ದರು. ಅದಕ್ಕಿಂತ ಹೆಚ್ಚಿಗೆ ಏನನ್ನೂ ಬರೆಯುತ್ತಿರಲಿಲ್ಲ. ಮುಂದಿನ ಸಾಲನ್ನು ನಾವೇ ಮತ್ತೊಮ್ಮೆ ನೋಡಬೇಕಿತ್ತು. ನೋಡಿದರೆ ಋಣ ಚಿಹ್ನೆ ಬಿಟ್ಟುಹೋಗಿರುವುದೋ, ಆವರಣ ಬಿಡಿಸುವಾಗ ಎರಡನೆಯ ಪದವನ್ನು ಗುಣಿಸದೆ ಬಿಟ್ಟಿರುವುದೋ ತಾನಾಗಿ ಕಣ್ಣಿಗೆ ಬೀಳುತ್ತಿತ್ತು. ಒಂದು ತರಗತಿಯ ಅಷ್ಟೂ ನೋಟುಪುಸ್ತಕಗಳನ್ನು ಹೀಗೆ ಸಾಲು ಸಾಲಾಗಿ ಓದಲು ಅವರು ಎಷ್ಟು ಸಂಜೆಗಳನ್ನು ಕೊಟ್ಟಿರಬೇಕು ಎಂಬುದು, ನಾನೇ ಇತರರ ಕೆಲಸವನ್ನು ಪರಿಶೀಲಿಸಲು ಕುಳಿತ ಮೇಲೆ ಅರ್ಥವಾಯಿತು.

ನನ್ನ ಕೈಕೆಳಗೆ ಕಲಿಯುವ ಕಿರಿಯರು ತಯಾರಿಸಿದ ತಾಳೆಪಟ್ಟಿ (ಖಾತೆಗಳ ಡೆಬಿಟ್, ಕ್ರೆಡಿಟ್ ಮೊತ್ತಗಳು ಸಮವಾಗಿವೆಯೇ ಎಂದು ನೋಡುವ ಪಟ್ಟಿ) ಹೊಂದದೆ ಹೋದಾಗ ನಾನು ಅದನ್ನು ಹಿಂತಿರುಗಿಸುವ ಮೊದಲು ಮೇಲಿನಿಂದ ಓದುತ್ತೇನೆ, ಸರಿಯಾಗಿರುವಷ್ಟು ಭಾಗಕ್ಕೆ ಗುರುತು ಹಾಕುತ್ತೇನೆ, ಉಳಿದದ್ದನ್ನು ಅವರಿಗೇ ಬಿಡುತ್ತೇನೆ. ತಾನು ಮಾಡಿದ್ದೆಲ್ಲವೂ ತಪ್ಪು ಎಂದುಕೊಂಡ ಮನುಷ್ಯ ಎಲ್ಲವನ್ನೂ ಅಳಿಸಿ ಹೊಸದಾಗಿ ಆರಂಭಿಸುತ್ತಾನೆ, ಮತ್ತೆ ಅದೇ ಜಾಗದಲ್ಲಿ ಎಡವುತ್ತಾನೆ. ಎಲ್ಲಿಯವರೆಗೆ ಸರಿ ಎಂದು ತಿಳಿದವನಿಗೆ ಮುಂದೆ ಹೆಜ್ಜೆಯಿಡಲು ಗಟ್ಟಿ ನೆಲ ಸಿಗುತ್ತದೆ. ಇಷ್ಟು ದೊಡ್ಡ ವಿಷಯವನ್ನು ಮೇಷ್ಟರು ಭಾಷಣ ಮಾಡಿ ಹೇಳಲಿಲ್ಲ. ನೋಟುಪುಸ್ತಕದ ಅಂಚಿನಲ್ಲಿ ಮಾಡಿ ತೋರಿಸಿದರು.

ಗ್ರಂಥಪಾಲಕ

ಬಹಳ ಒಳ್ಳೆಯ ಕೋರಿಕೆ. ನನಗೆ ಬಾಲ್ಯದಿಂದಲೂ ಉಗ್ಗು ಇದೆ. ಪಾಠವನ್ನು ಸರದಿಯಂತೆ ಗಟ್ಟಿಯಾಗಿ ಓದಿಸುವ ದಿನ ಬಂದರೆ, ನನ್ನ ಪಾಲಿಗೆ ಯಾವ ಪ್ಯಾರಾ ಬರುತ್ತದೆ ಎಂದು ಮುಂದೆ ಕುಳಿತವರ ತಲೆ ಎಣಿಸಿ, ಅದರಲ್ಲಿ ಪಕಾರ, ಕಕಾರಗಳಿಂದ ಶುರುವಾಗುವ ಪದಗಳು ಎಲ್ಲೆಲ್ಲಿವೆ ಎಂದು ಮೊದಲೇ ನೋಡಿಟ್ಟುಕೊಳ್ಳುತ್ತಿದ್ದೆ. ಉಳಿದವರು ಓದುತ್ತಿದ್ದ ಪಾಠದ ಒಂದಕ್ಷರವೂ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಕೆಲವು ಅಧ್ಯಾಪಕರು ಕರುಣೆಯಿಂದ ನನ್ನ ಸರದಿಯನ್ನು ದಾಟಿಸಿಬಿಡುತ್ತಿದ್ದರು. ಇನ್ನು ಕೆಲವರು ನಾನು ಅರ್ಧಕ್ಕೆ ನಿಂತ ಪದವನ್ನು ತಾವೇ ಪೂರ್ತಿಮಾಡುತ್ತಿದ್ದರು. ಎರಡೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದವು, ಆದರೆ ಎರಡರಿಂದಲೂ ನನಗೆ ತಿಳಿಯುತ್ತಿದ್ದದ್ದು ಒಂದೇ: ನನ್ನ ದನಿ ಆ ಕೊಠಡಿಗೆ ಬೇಕಾಗಿಲ್ಲ.

ಭಾಷಾ ಪಾಠಕ್ಕೆ ಹೊಸದಾಗಿ ಬಂದ ಅಧ್ಯಾಪಕಿಯೊಬ್ಬರು ನನ್ನ ಸರದಿಯನ್ನು ದಾಟಿಸಲಿಲ್ಲ. ನಾನು ಎದ್ದು ನಿಂತಾಗ ಅವರು ನನ್ನ ಜೊತೆಗೇ, ನನ್ನ ವೇಗದಲ್ಲಿಯೇ, ತಗ್ಗಿದ ದನಿಯಲ್ಲಿ ಓದಲು ಆರಂಭಿಸಿದರು. ಇನ್ನೊಬ್ಬರೊಡನೆ ಏಕಕಾಲಕ್ಕೆ ಓದುವಾಗ ಉಗ್ಗು ಗಣನೀಯವಾಗಿ ತಗ್ಗುವುದು ಉಗ್ಗುವವರಲ್ಲಿ ಹೆಚ್ಚಿನವರ ಅನುಭವ. ವಾಕ್ ಚಿಕಿತ್ಸಕರೂ ಇದನ್ನು ಬಲ್ಲರು. ಎರಡು ಮೂರು ವಾಕ್ಯಗಳಾದ ಮೇಲೆ ಅವರ ದನಿ ಇನ್ನೂ ತಗ್ಗಿ, ಪ್ಯಾರಾದ ಕೊನೆಯ ಹೊತ್ತಿಗೆ ನಾನೊಬ್ಬನೇ ಓದುತ್ತಿದ್ದೆ. ಅವರು ಮಾಡಿದ ಇನ್ನೊಂದು ಕೆಲಸ ಇನ್ನೂ ಸೂಕ್ಷ್ಮವಾದುದು. ಯಾರು ಓದುತ್ತಿದ್ದರೂ ಎಲ್ಲರ ಕಣ್ಣು ಪುಸ್ತಕದ ಮೇಲಿರಬೇಕು ಎಂಬ ನಿಯಮವನ್ನು ಇಡೀ ತರಗತಿಗೆ ಹಾಕಿದರು. ಅದು ನನಗಾಗಿ ಮಾಡಿದ ನಿಯಮ ಎಂದು ಯಾರಿಗೂ ಅನ್ನಿಸಲಿಲ್ಲ, ನನಗೂ ಎಷ್ಟೋ ಕಾಲ ಹೊಳೆಯಲಿಲ್ಲ. ನನ್ನ ಮುಖವನ್ನು ಯಾರೂ ನೋಡದಂತೆ ಮಾಡಿ, ನನ್ನನ್ನು ಬೇರೆಯವನೆಂದು ಎತ್ತಿ ತೋರಿಸದೆ, ಓದುವ ಸಮಯವನ್ನು ನನಗೆ ಕೊಟ್ಟರು.

ಉಗ್ಗು ಇಂದಿಗೂ ಇದೆ. ದಿನವಿಡೀ ಜನರೊಡನೆ ಮಾತನಾಡಬೇಕಾದ ಉದ್ಯೋಗವನ್ನು ಆ ಕಾರಣಕ್ಕೆ ಬೇಡವೆನ್ನಲಿಲ್ಲ ಎಂಬುದೇ ಅವರಿಂದ ನನಗೆ ದೊರೆತದ್ದು. ಮೇಜಿನ ಆಚೆ ನಿಂತ ಮಗು ಪುಸ್ತಕದ ಹೆಸರು ಹೇಳಲು ತಡವರಿಸಿದರೆ ನಾನು ಬಾಯಿ ಹಾಕುವುದಿಲ್ಲ; ಅದು ಹೇಳಿ ಮುಗಿಸುವವರೆಗೆ ಕಾಯುತ್ತೇನೆ.

ನಿವೃತ್ತ ಅಧ್ಯಾಪಕಿ

ಗ್ರಂಥಪಾಲಕರ ಬರಹ ಓದಿ ಮನಸ್ಸು ತುಂಬಿ ಬಂತು. ಕಲಿಸುವವರ ಕಡೆಯಿಂದ ಒಂದು ಸಂಗತಿಯನ್ನು ಸೇರಿಸಬೇಕು ಅನ್ನಿಸುತ್ತಿದೆ, ಏಕೆಂದರೆ ವಿದ್ಯಾರ್ಥಿಯಾಗಿ ಮಾತ್ರ ತರಗತಿಯನ್ನು ಕಂಡವರಿಗೆ ಅದು ಸುಲಭವಾಗಿ ಗೊತ್ತಾಗುವುದಿಲ್ಲ.

ಮನೆ ಕಟ್ಟಿದವರಿಗೆ ತಾವು ಕಟ್ಟಿದ ಮನೆ ಕಣ್ಣೆದುರು ನಿಂತಿರುತ್ತದೆ. ಅಧ್ಯಾಪಕರಿಗೆ ಆ ಭಾಗ್ಯವಿಲ್ಲ. ನಾವು ಮಾಡಿದ್ದು ಫಲಿಸಿತೇ ಇಲ್ಲವೇ ಎಂಬುದು ಹತ್ತು ಹದಿನೈದು ವರ್ಷಗಳ ನಂತರ, ಬೇರೆಲ್ಲೋ, ನಾವಿಲ್ಲದ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ವರ್ಷದ ಕೊನೆಗೆ ನಮ್ಮ ಕೈಯಲ್ಲಿ ಉಳಿಯುವುದು ಅಂಕಪಟ್ಟಿಯೊಂದೇ. ಜೂನ್ ಬಂದಾಗ ಹೊಸ ಮುಖಗಳು ಬರುತ್ತವೆ, ಹಳೆಯ ಮಕ್ಕಳು ಏನಾದರು ಎಂದು ಕೇಳಿಕೊಳ್ಳಲು ಪುರುಸೊತ್ತೂ ಇರುವುದಿಲ್ಲ.

ನಿವೃತ್ತಿಗೆ ಕೆಲವು ವರ್ಷಗಳ ಮುಂಚೆ ನನಗೊಂದು ಪತ್ರ ಬಂತು. ಬರೆದ ಹುಡುಗಿಯ ಕೈಬರಹ ಮಕ್ಕಳ ನಗೆಗೆ ಗುರಿಯಾಗುತ್ತಿತ್ತಂತೆ. ಪ್ರತಿದಿನ ಬೆಳಗ್ಗೆ ಕಪ್ಪುಹಲಗೆಯ ಮೇಲೆ ತಾರೀಖು ಮತ್ತು ಪಾಠದ ಹೆಸರು ಬರೆಯುವ ಕೆಲಸವನ್ನು ನಾನು ಅವಳಿಗೆ ಒಪ್ಪಿಸಿದ್ದೆನಂತೆ. ವರ್ಷದ ಕೊನೆಗೆ ಅಕ್ಷರ ದುಂಡಗಾಯಿತು, ಅದಕ್ಕಿಂತ ಮುಖ್ಯವಾಗಿ ಎಲ್ಲರ ಮುಂದೆ ಹೋಗಿ ನಿಲ್ಲುವ ಅಭ್ಯಾಸವಾಯಿತು ಎಂದು ಬರೆದಿದ್ದಳು. ಆ ಮಗುವಿನ ಮುಖ ನನಗೆ ನೆನಪಿತ್ತು. ಈ ಸಂಗತಿ ನೆನಪಿನಲ್ಲಿ ಇರಲೇ ಇಲ್ಲ. ಅಂದಿನಿಂದ ಪ್ರತಿ ವರ್ಷ, ಹಿಂಜರಿಯುವ ಮಗುವೊಂದನ್ನು ಗುರುತಿಸಿ ಹಲಗೆಯ ಕೆಲಸವನ್ನು ಬೇಕೆಂದೇ ಅದಕ್ಕೆ ಒಪ್ಪಿಸುತ್ತ ಬಂದೆ. ಆ ಹುಡುಗಿ ‘ನೀವು ಬಹಳ ಒಳ್ಳೆಯ ಟೀಚರ್ ಆಗಿದ್ದಿರಿ’ ಎಂದಷ್ಟೇ ಬರೆದಿದ್ದರೆ ನನಗೆ ಸಂತೋಷವಾಗುತ್ತಿತ್ತು, ಆದರೆ ಮುಂದಿನ ಮಕ್ಕಳಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ. ಲೆಕ್ಕಪರಿಶೋಧಕರು ಬಿಡಿಸಿ ಬರೆಯಿರಿ ಎಂದದ್ದು ಇದಕ್ಕಾಗಿಯೇ ನನಗೆ ಹಿಡಿಸಿತು. ಕೃತಜ್ಞತೆಯ ಜೊತೆಗೆ ಯಾವುದು ಕೆಲಸ ಮಾಡಿತು ಎಂಬ ವರದಿಯೂ ಅಧ್ಯಾಪಕರಿಗೆ ತಲುಪಬೇಕು. ಅದನ್ನು ತಲುಪಿಸಬಲ್ಲವರು ಹಳೆಯ ವಿದ್ಯಾರ್ಥಿಗಳು ಮಾತ್ರ.

ವಕೀಲೆ

ಎಲ್ಲರೂ ಒಳ್ಳೆಯ ನೆನಪುಗಳನ್ನು ಬರೆಯುತ್ತಿರುವಾಗ ಬೇರೆ ಮಾತು ತೆಗೆಯುತ್ತಿರುವುದಕ್ಕೆ ಕಾರಣವಿದೆ. ಗುರುಗಳನ್ನು ಹೊಗಳುವ ಚರ್ಚೆಗಳಲ್ಲಿ ಬೇಗನೆ ನುಸುಳುವ ಒಂದು ವಾಕ್ಯ ಉಂಟು: ‘ಅವರು ಅಂದು ಹೊಡೆದದ್ದರಿಂದಲೇ ಇಂದು ನಾನು ಮನುಷ್ಯನಾದೆ.’ ಈ ಚರ್ಚೆಗೆ ಅದು ಇನ್ನೂ ಬಂದಿಲ್ಲ. ಬರುವ ಮೊದಲೇ ನನ್ನ ಮಾತನ್ನು ದಾಖಲಿಸುತ್ತೇನೆ. ಹೊಡೆತ ತಿಂದೂ ಬೆಳೆದವರು ತಮ್ಮ ಕಥೆಯನ್ನು ಹೇಳಲು ಉಳಿದಿದ್ದಾರೆ. ಅದೇ ಹೊಡೆತಕ್ಕೆ, ಅದೇ ಮೂದಲಿಕೆಗೆ ಶಾಲೆಯನ್ನೇ ಬಿಟ್ಟವರು ಇಂಥ ಚರ್ಚೆಗಳಿಗೆ ಬರುವುದಿಲ್ಲ, ಅವರ ಕಥೆ ಯಾರಿಗೂ ಕೇಳಿಸುವುದಿಲ್ಲ.

ಬ್ರಿಟನ್ನಿನ ಜೀವವಿಜ್ಞಾನಿ ಜಾನ್ ಗರ್ಡನ್ ಅವರ ಉದಾಹರಣೆ ಹಲವರಿಗೆ ಗೊತ್ತಿರಬಹುದು. 1949ರಲ್ಲಿ, ಅವರಿನ್ನೂ ಹದಿಹರೆಯದವರಾಗಿದ್ದಾಗ, ಜೀವಶಾಸ್ತ್ರದ ಅಧ್ಯಾಪಕರು ಶಾಲಾ ವರದಿಯಲ್ಲಿ ಈ ಹುಡುಗ ವಿಜ್ಞಾನಿಯಾಗಬೇಕೆಂದುಕೊಂಡಿರುವುದು ತೀರಾ ಹಾಸ್ಯಾಸ್ಪದ ಎಂಬ ಅರ್ಥದಲ್ಲಿ ಬರೆದರು. ಅದೇ ಗರ್ಡನ್ 2012ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದರು. ಈ ಕಥೆಯನ್ನು ಛಲದ ಕಥೆಯಾಗಿ ಹೇಳುವ ರೂಢಿಯಿದೆ. ನನಗೆ ಅದು ಬೇರೆ ರೀತಿಯಲ್ಲಿ ಕಾಣುತ್ತದೆ. ಅಂಥ ವರದಿ ಪಡೆದ ಉಳಿದ ಮಕ್ಕಳು, ಮನೆಯಲ್ಲಿ ಬೆಂಬಲವಿಲ್ಲದವರು, ಅದನ್ನು ನಿಜವೆಂದೇ ನಂಬಿ ಬೇರೆ ದಾರಿ ಹಿಡಿದಿರುತ್ತಾರೆ. ಶಾಶ್ವತವಾದ ಪರಿಣಾಮ ಎಂಬುದು ಎರಡೂ ಕಡೆಗೆ ಸಾಧ್ಯ ಎಂಬುದನ್ನು ಮರೆತು ಗುರುಸ್ಮರಣೆ ಮಾಡಿದರೆ ಒಳ್ಳೆಯ ಗುರುಗಳಿಗೇ ಅನ್ಯಾಯ ಮಾಡಿದಂತೆ. ಗ್ರಂಥಪಾಲಕರ ಅಧ್ಯಾಪಕಿ ಪಟ್ಟ ಶ್ರಮದ ಬೆಲೆ ನನಗೆ ಅರ್ಥವಾಗುವುದು, ಆ ಶ್ರಮವನ್ನು ಪಡದವರು ಎಷ್ಟು ಜನ ಇರುತ್ತಾರೆ ಎಂಬುದನ್ನು ಕಂಡಿರುವುದರಿಂದ.

ಲೆಕ್ಕಪರಿಶೋಧಕ

ವಕೀಲೆಯವರೇ, ನಿಮ್ಮ ಮಾತು ಈ ಚರ್ಚೆಗೆ ಬೇಕೇ ಬೇಕಾಗಿತ್ತು. ನಮ್ಮ ಗಣಿತದ ಮೇಷ್ಟರೂ ಕಟ್ಟುನಿಟ್ಟಿನವರೇ. ಮನೆಗೆಲಸ ತಾರದವರು ಶಾಲೆ ಬಿಟ್ಟ ಮೇಲೆ ಕುಳಿತು ಮುಗಿಸಿಯೇ ಹೋಗಬೇಕಿತ್ತು, ಅದರಲ್ಲಿ ಯಾರಿಗೂ ರಿಯಾಯಿತಿ ಇರಲಿಲ್ಲ. ಆದರೆ ಹಾಗೆ ಕುಳಿತವರ ಜೊತೆ ಅವರೂ ಕುಳಿತಿರುತ್ತಿದ್ದರು. ನಿಷ್ಠುರವಾಗಿ ಕೆಲಸ ಕೇಳುವುದು ಬೇರೆ, ಮಗುವನ್ನು ಸಣ್ಣದು ಮಾಡುವುದು ಬೇರೆ. ಆ ಎರಡನೆಯದನ್ನು ನೆನಪಿನ ಸಿಹಿಯಲ್ಲಿ ಅದ್ದಿ ಹೊಗಳುವುದು ಬೇಡ ಎಂಬುದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ.

ಶಿಕ್ಷಣ ಸಂಶೋಧಕ

ಒಬ್ಬ ಅಧ್ಯಾಪಕರ ಪ್ರಭಾವ ನಿಜಕ್ಕೂ ಅಷ್ಟು ದೂರ ಸಾಗುತ್ತದೆಯೇ, ಅಥವಾ ಇದು ನಮ್ಮ ನೆನಪು ಕಟ್ಟಿಕೊಂಡ ಕಥೆಯೇ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಅಂಕಿ ಅಂಶಗಳ ಮೂಲಕ ಪರೀಕ್ಷಿಸಿದ್ದಾರೆ. ರಾಜ್ ಚೆಟ್ಟಿ, ಜಾನ್ ಫ್ರೀಡ್‌ಮನ್ ಮತ್ತು ಜೋನಾ ರಾಕಾಫ್ ಅವರು ಅಮೆರಿಕದ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ಶಾಲಾ ದಾಖಲೆಗಳನ್ನು ಅವರ ಮುಂದಿನ ತೆರಿಗೆ ದಾಖಲೆಗಳೊಂದಿಗೆ ಜೋಡಿಸಿ ನೋಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಮಕ್ಕಳ ಕಲಿಕೆಯನ್ನು ಹೆಚ್ಚು ಎತ್ತರಿಸುವ ಅಧ್ಯಾಪಕರ ಕೈಯಲ್ಲಿ ಒಂದೇ ಒಂದು ವರ್ಷ ಕಲಿತ ಮಕ್ಕಳು ಕಾಲೇಜು ಸೇರುವ ಸಾಧ್ಯತೆ ಹೆಚ್ಚಾಗಿತ್ತು, 28ನೆಯ ವಯಸ್ಸಿನಲ್ಲಿ ಅವರ ವರಮಾನ ಸುಮಾರು ಶೇ. 1.3ರಷ್ಟು ಹೆಚ್ಚಿತ್ತು. ಈ ಪ್ರಮಾಣ ಚಿಕ್ಕದೆನಿಸಬಹುದು. ಆದರೆ ಇದು ಒಬ್ಬ ಅಧ್ಯಾಪಕರ ಒಂದು ವರ್ಷದ ಫಲ, ಅದೂ ತರಗತಿಯ ಪ್ರತಿಯೊಂದು ಮಗುವಿಗೆ ಸರಾಸರಿಯಾಗಿ ದೊರೆತದ್ದು ಎಂಬುದನ್ನು ಗಮನಿಸಿದರೆ ಅದರ ತೂಕ ಗೊತ್ತಾಗುತ್ತದೆ.

ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು ಕಿರಾಬೊ ಜಾಕ್ಸನ್ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಒಂಬತ್ತನೆಯ ತರಗತಿಯ ಮಕ್ಕಳ ಪರೀಕ್ಷಾ ಅಂಕಗಳ ಜೊತೆಗೆ ಹಾಜರಿ, ಅಮಾನತು, ಮುಂದಿನ ತರಗತಿಗೆ ಸಕಾಲದಲ್ಲಿ ಏರುವುದು ಮುಂತಾದವನ್ನೂ ಪರಿಶೀಲಿಸಿದರು. ಅಂಕಗಳನ್ನು ಹೆಚ್ಚಿಸುವ ಅಧ್ಯಾಪಕರೂ ಮಕ್ಕಳ ನಡವಳಿಕೆಯನ್ನು ತಿದ್ದುವ ಅಧ್ಯಾಪಕರೂ ಬಹಳ ಸಲ ಬೇರೆ ಬೇರೆಯವರು ಎಂಬುದು ಅಲ್ಲಿ ಕಂಡುಬಂತು. ಮಕ್ಕಳು ಶಾಲೆಯನ್ನು ಅರ್ಧಕ್ಕೆ ಬಿಡದೆ ಪೂರ್ತಿಗೊಳಿಸುವುದರಲ್ಲಿ ಎರಡನೆಯವರ ಪಾತ್ರ ಅಂಕಗಳಿಂದ ಅಳೆಯಲಾಗದಷ್ಟು ದೊಡ್ಡದಾಗಿತ್ತು. ಗ್ರಂಥಪಾಲಕರ ಅಧ್ಯಾಪಕಿ ಮಾಡಿದ ಕೆಲಸ ಯಾವ ಅಂಕಪಟ್ಟಿಯಲ್ಲಿಯೂ ಕಾಣಿಸಿಕೊಂಡಿರಲಾರದು. ನಮ್ಮ ಮಾಪನ ವ್ಯವಸ್ಥೆಗಳು ಹಿಡಿಯದ ಕೆಲಸವನ್ನು ವಿದ್ಯಾರ್ಥಿಗಳ ನೆನಪು ಹಿಡಿದಿಟ್ಟುಕೊಂಡಿದೆ; ಸಂಶೋಧಕನಾಗಿಯೂ ನಾನು ಇಂಥ ಬರಹಗಳನ್ನು ಗೌರವದಿಂದ ಓದುವುದು ಆ ಕಾರಣಕ್ಕೆ.

ಶುಶ್ರೂಷಕಿ

ಶಾಲೆಯ ಹೊರಗೂ ಗುರುಗಳಿರುತ್ತಾರೆ ಎಂಬುದನ್ನು ನೆನಪಿಸಲು ನನ್ನದೊಂದು ಚಿಕ್ಕ ಬರಹ. ತರಬೇತಿಯ ದಿನಗಳಲ್ಲಿ ನನಗೆ ವಾರ್ಡಿನ ಕೆಲಸ ಕಲಿಸಿದ ಹಿರಿಯ ಸಿಸ್ಟರ್, ಸಿರಿಂಜನ್ನು ಕೈಗೆತ್ತಿಕೊಳ್ಳುವ ಮೊದಲು ರೋಗಿಯ ಹೆಸರು ಹಿಡಿದು ಮಾತನಾಡಿಸಲು ಹೇಳಿಕೊಟ್ಟರು. ಹೆಸರು ಕೇಳುವುದು ಸರಿಯಾದ ರೋಗಿಗೆ ಸರಿಯಾದ ಔಷಧ ಹೋಗುತ್ತಿದೆ ಎಂದು ಖಚಿತಪಡಿಸಿಕೊಳ್ಳುವ ನಿಯಮ. ಪುಸ್ತಕದಲ್ಲಿಯೂ ಅದು ಇದೆ. ಅವರು ಅದಕ್ಕೆ ಸೇರಿಸಿದ್ದು ಒಂದು ಕ್ಷಣದ ನಿಲುಗಡೆ. ಏನು ಮಾಡಲಿದ್ದೇನೆ, ಎಷ್ಟು ನೋವಾಗಬಹುದು ಎಂಬುದನ್ನು ಹೇಳಿ, ರೋಗಿ ‘ಸರಿ’ ಎನ್ನುವವರೆಗೆ ಕೈ ಕೆಳಗಿರಬೇಕು. ಎಷ್ಟೇ ಅವಸರವಿದ್ದ ದಿನವೂ ಅವರು ಇದನ್ನು ಬಿಟ್ಟದ್ದನ್ನು ನಾನು ಕಾಣಲಿಲ್ಲ. ಇಂದು ತರಬೇತಿಗೆ ಬರುವವರಿಗೆ ನಾನು ಇದನ್ನು ಅದೇ ಕ್ರಮದಲ್ಲಿ ಕಲಿಸುತ್ತೇನೆ, ಇದು ಯಾರಿಂದ ಬಂದದ್ದು ಎಂಬುದನ್ನೂ ಹೇಳುತ್ತೇನೆ.

ಹಳೆಯ ವಿದ್ಯಾರ್ಥಿ

ಇಷ್ಟನ್ನೂ ಓದಿದ ಮೇಲೆ ಒಂದು ಪ್ರಶ್ನೆ ಕೇಳಬೇಕಾಗಿದೆ. ನನಗೆ ಇತಿಹಾಸ ಕಲಿಸಿದ ಅಧ್ಯಾಪಕರಿಗೆ ಬರೆಯಬೇಕೆಂಬ ಆಸೆಯಿದೆ. ಆದರೆ ಇಷ್ಟು ವರ್ಷಗಳ ನಂತರ ಅವರಿಗೆ ನನ್ನ ನೆನಪೇ ಇಲ್ಲದಿದ್ದರೆ ಮುಜುಗರವಾಗುವುದಿಲ್ಲವೇ? ನನ್ನ ಬರವಣಿಗೆಯೂ ಅಷ್ಟಕ್ಕಷ್ಟೆ. ಇನ್ನು ಪ್ರಾಥಮಿಕ ಶಾಲೆಯ ನನ್ನ ಅಧ್ಯಾಪಕಿ ತೀರಿಕೊಂಡಿದ್ದಾರೆ. ಅಂಥವರಿಗೆ ಕೃತಜ್ಞತೆ ಸಲ್ಲಿಸುವುದು ಹೇಗೆ?

ಶಿಕ್ಷಣ ಸಂಶೋಧಕ

ಮುಜುಗರದ ಬಗ್ಗೆ ನಿಮಗೆ ನೆಮ್ಮದಿ ಕೊಡುವ ಅಧ್ಯಯನವೊಂದಿದೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅವರು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಮ್ಮ ಬದುಕಿಗೆ ಒಳಿತು ಮಾಡಿದವರಿಗೆ ಕೃತಜ್ಞತೆಯ ಪತ್ರ ಬರೆಯುವಂತೆ ಜನರನ್ನು ಕೇಳಿ, ಪಡೆದವರಿಗೆ ಹೇಗನ್ನಿಸಬಹುದು ಎಂದು ಅವರಿಂದ ಊಹೆ ಬರೆಸಿಕೊಂಡರು; ಅನಂತರ ಪಡೆದವರನ್ನೇ ವಿಚಾರಿಸಿದರು. ಬರೆದವರು ಊಹಿಸಿದಷ್ಟು ಮುಜುಗರ ಪಡೆದವರಿಗೆ ಆಗಿರಲಿಲ್ಲ, ಅವರ ಸಂತೋಷ ಮತ್ತು ಅಚ್ಚರಿ ಊಹೆಗಿಂತ ಹೆಚ್ಚಾಗಿದ್ದವು. ಬರೆದವರು ತಮ್ಮ ಪದಗಳು ಸರಿಯಾಗಿವೆಯೇ ಎಂದು ಚಿಂತಿಸುತ್ತಿದ್ದರು. ಓದಿದವರು ಗಮನಿಸಿದ್ದು ಪತ್ರದಲ್ಲಿದ್ದ ಅಕ್ಕರೆಯನ್ನು. ಆದ್ದರಿಂದ ಬರವಣಿಗೆಯ ಕುರಿತ ಅಳುಕನ್ನು ಬದಿಗಿಟ್ಟು ಬರೆಯಿರಿ.

ಸಾಧ್ಯವಾದರೆ ಹೋಗಿ ಭೇಟಿಯಾಗಿ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಎಂದೂ ಸರಿಯಾಗಿ ಧನ್ಯವಾದ ಹೇಳಿರದ ಒಬ್ಬರಿಗೆ ಪತ್ರ ಬರೆದು ಖುದ್ದಾಗಿ ಕೊಟ್ಟು ಬಂದವರ ಸಂತೋಷ ಗಮನಾರ್ಹವಾಗಿ ಹೆಚ್ಚಿ, ಸುಮಾರು ಒಂದು ತಿಂಗಳು ಉಳಿದಿತ್ತು. ಬರೆಯುವವರಿಗೂ ಇದರಿಂದ ಒಳಿತೇ ಆಗುತ್ತದೆ.

ಗ್ರಂಥಪಾಲಕ

ವರ್ಷಗಳ ನಂತರ ಗುರುವನ್ನು ಹುಡುಕಿಕೊಂಡು ಹೋದವರಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಭೌತವಿಜ್ಞಾನಿ ಅಬ್ದುಸ್ ಸಲಾಂ ಅವರನ್ನು. ಲಾಹೋರಿನಲ್ಲಿ ಅವರಿಗೆ ಗಣಿತ ಕಲಿಸಿದ ಅನಿಲೇಂದ್ರ ಗಂಗೂಲಿ ಅವರು ದೇಶ ವಿಭಜನೆಯ ನಂತರ ಕಲ್ಕತ್ತೆಯಲ್ಲಿ ನೆಲೆಸಿದ್ದರು. 1979ರಲ್ಲಿ ನೊಬೆಲ್ ಪ್ರಶಸ್ತಿ ಬಂದ ಮೇಲೆ, ತಮ್ಮ ಗುರುವನ್ನು ಹುಡುಕಿಕೊಡುವಂತೆ ಸಲಾಂ ಭಾರತ ಸರ್ಕಾರವನ್ನು ಕೋರಿದರು. 1981ರಲ್ಲಿ ಕಲ್ಕತ್ತೆಗೆ ಬಂದು, ವೃದ್ಧಾಪ್ಯದಿಂದ ಹಾಸಿಗೆ ಹಿಡಿದಿದ್ದ ಗಂಗೂಲಿಯವರನ್ನು ಕಂಡು, ಪದಕವನ್ನು ಅವರ ಕೈಗಿತ್ತು ಗೌರವಿಸಿದರು. ನಡುವೆ ಒಂದು ದೇಶ ಎರಡಾಗಿತ್ತು, ಮೂರು ದಶಕಗಳು ಕಳೆದಿದ್ದವು. ಇದೆಲ್ಲದರ ಆಚೆಯೂ ಗುರುವಿನ ವಿಳಾಸ ಸಿಕ್ಕಿತು ಎಂದ ಮೇಲೆ, ನಮ್ಮಂಥವರು ಹಳೆಯ ಶಾಲೆಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ ನೋಡುವುದು ಕಷ್ಟವೇನಲ್ಲ.

ಫ್ರೆಂಚ್ ಲೇಖಕ ಆಲ್ಬರ್ಟ್ ಕಾಮೂ ಅವರದು ಇನ್ನೊಂದು ಬಗೆ. ತಂದೆ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು, ತಾಯಿಗೆ ಓದುಬರಹವಿರಲಿಲ್ಲ, ಹುಡುಗ ಬೇಗ ದುಡಿಮೆಗೆ ಸೇರಲಿ ಎಂಬುದು ಅಜ್ಜಿಯ ಇಚ್ಛೆಯಾಗಿತ್ತು. ಅಲ್ಜೀರ್ಸ್ ನಗರದ ಪ್ರಾಥಮಿಕ ಶಾಲೆಯ ಅಧ್ಯಾಪಕ ಲೂಯಿ ಜೆರ್ಮೆನ್ ಅವರು ಮನೆಯವರನ್ನು ಒಪ್ಪಿಸಿ, ಶಾಲೆಯ ಅವಧಿಯ ಹೊರಗೆ ಹಣ ಪಡೆಯದೆ ಪಾಠ ಹೇಳಿ, ವಿದ್ಯಾರ್ಥಿವೇತನದ ಪರೀಕ್ಷೆಗೆ ಸಿದ್ಧಗೊಳಿಸಿದರು. 1957ರ ಅಕ್ಟೋಬರಿನಲ್ಲಿ ನೊಬೆಲ್ ಪ್ರಶಸ್ತಿ ಘೋಷಣೆಯಾದಾಗ ಕಾಮೂ ಸುತ್ತಲಿನ ಗದ್ದಲ ಸ್ವಲ್ಪ ತಗ್ಗಲೆಂದು ಕಾದು, ನವೆಂಬರ್ 19ರಂದು ಜೆರ್ಮೆನ್ ಅವರಿಗೆ ಪತ್ರ ಬರೆದರು. ಸುದ್ದಿ ಕೇಳಿದಾಗ ತಾಯಿಯ ನಂತರ ಮೊದಲು ನೆನಪಾದವರು ನೀವೇ ಎಂಬುದು ಅದರ ತಿರುಳು. ಪತ್ರ ತೀರಾ ಚಿಕ್ಕದು. ಅಕ್ಷರವನ್ನೇ ಬದುಕಾಗಿಸಿಕೊಂಡವರು ಕೂಡ ಆ ಹೊತ್ತಿಗೆ ದೊಡ್ಡ ಮಾತುಗಳನ್ನು ಹುಡುಕಲಿಲ್ಲ ಎಂಬುದು ನನಗೆ ಬಹಳ ಹಿಡಿಸುತ್ತದೆ.

ವಕೀಲೆ

ತೀರಿಕೊಂಡ ಗುರುಗಳ ವಿಷಯಕ್ಕೆ ನನ್ನ ಅನುಭವ ಹೇಳುತ್ತೇನೆ. ನನಗೆ ವಾದ ಮಂಡಿಸುವುದನ್ನು ಕಲಿಸಿದ ಪ್ರಾಧ್ಯಾಪಕರು ನಿಧನರಾದ ಮೇಲೆ ಅವರ ಮಗಳಿಗೆ ಪತ್ರ ಬರೆದೆ. ಎದುರಾಳಿಯ ವಾದವನ್ನು ಅವರೇ ಮೆಚ್ಚುವಷ್ಟು ಬಲವಾಗಿ ಮೊದಲು ನಾವು ಹೇಳಿತೋರಿಸಬೇಕು, ಅನಂತರವೇ ಅದನ್ನು ಖಂಡಿಸಬೇಕು ಎಂದು ಅವರು ತರಗತಿಯಲ್ಲಿ ಮಾಡಿಸುತ್ತಿದ್ದ ಅಭ್ಯಾಸವನ್ನು ಅದರಲ್ಲಿ ವಿವರಿಸಿದ್ದೆ. ತಂದೆ ಮನೆಯಲ್ಲಿ ಮಿತಭಾಷಿಯಾಗಿದ್ದರು, ತರಗತಿಯಲ್ಲಿ ಹೀಗಿದ್ದರು ಎಂಬುದು ತಮಗೆ ಗೊತ್ತೇ ಇರಲಿಲ್ಲ ಎಂದು ಮಗಳು ಉತ್ತರಿಸಿದರು. ಅಧ್ಯಾಪಕರ ಕುಟುಂಬದವರು ಅವರ ತರಗತಿಯನ್ನು ಎಂದೂ ನೋಡಿರುವುದಿಲ್ಲ. ಹಳೆಯ ವಿದ್ಯಾರ್ಥಿಯವರೇ, ನಿಮ್ಮ ಅಧ್ಯಾಪಕಿಯ ಮನೆಯವರಿಗೆ ಬರೆಯಿರಿ. ಅವರ ಬಳಿ ಇಲ್ಲದ ಒಂದು ನೆನಪು ನಿಮ್ಮ ಬಳಿ ಇದೆ.

ಶಿಕ್ಷಕ ಸಂಘದ ಕಾರ್ಯಕರ್ತ

ಕೃತಜ್ಞತೆಯ ಪತ್ರಗಳು ಬರಲಿ, ಆದರೆ ಮಾತು ಅಲ್ಲಿಗೇ ನಿಲ್ಲುವುದು ಬೇಡ ಎಂದು ವಿನಂತಿ. 1966ರ ಅಕ್ಟೋಬರ್ 5ರಂದು ಯುನೆಸ್ಕೊ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಗಳ ಆಶ್ರಯದಲ್ಲಿ ಅಧ್ಯಾಪಕರ ಸ್ಥಾನಮಾನ ಕುರಿತ ಶಿಫಾರಸು ಅಂಗೀಕಾರವಾಯಿತು. 1994ರಿಂದ ಆ ದಿನವನ್ನು ವಿಶ್ವ ಶಿಕ್ಷಕರ ದಿನವಾಗಿ ಆಚರಿಸಲಾಗುತ್ತಿದೆ. ಆ ಶಿಫಾರಸಿನಲ್ಲಿ ಇರುವುದು ತರಬೇತಿ, ವೇತನ, ತರಗತಿಯ ಗಾತ್ರ, ಕೆಲಸದ ಅವಧಿ, ವೃತ್ತಿ ಸ್ವಾತಂತ್ರ್ಯ ಇವುಗಳ ಬಗೆಗಿನ ಮಾತು. 2030ರ ಹೊತ್ತಿಗೆ ಜಗತ್ತಿಗೆ ಇನ್ನೂ 4.4 ಕೋಟಿ ಪ್ರಾಥಮಿಕ ಮತ್ತು ಪ್ರೌಢ ಶಾಲಾ ಶಿಕ್ಷಕರು ಬೇಕು ಎಂದು ಯುನೆಸ್ಕೊ ಅಂದಾಜು ಮಾಡಿದೆ. ಪ್ರಾಥಮಿಕ ಶಾಲೆಗಳಲ್ಲಿ ವೃತ್ತಿ ತೊರೆಯುವವರ ಪ್ರಮಾಣ 2015ರಲ್ಲಿ ಶೇ. 4.6ರಷ್ಟಿದ್ದದ್ದು 2022ರಲ್ಲಿ ಸುಮಾರು ಶೇ. 9ಕ್ಕೆ ಏರಿದೆ.

ಲೆಕ್ಕಪರಿಶೋಧಕರ ಮೇಷ್ಟರು ನೋಟುಪುಸ್ತಕಗಳನ್ನು ಸಾಲು ಸಾಲಾಗಿ ಓದುತ್ತಿದ್ದರಲ್ಲ, ಆ ಹೊತ್ತು ತಮ್ಮ ಸಂಜೆಗಳಿಂದಲೇ ಬಂದದ್ದು. ತರಗತಿ ಎರಡು ಪಟ್ಟು ದೊಡ್ಡದಾಗಿ, ಅದರ ಮೇಲೆ ವರದಿ ತುಂಬುವ ಕೆಲಸವೂ ಬಿದ್ದರೆ ಆ ಸಂಜೆ ಎಲ್ಲಿಂದ ಬರಬೇಕು? ನಿಮ್ಮ ಗುರುಗಳು ಮಾಡಿದ್ದನ್ನು ಇಂದಿನ ಅಧ್ಯಾಪಕರೂ ಮಾಡುವಂತಿರಬೇಕಾದರೆ ಅವರಿಗೆ ಸಮಯ ಬೇಕು. ಶಾಲೆಯ ಸಭೆಯಲ್ಲಿ ಪೋಷಕರಾಗಿ ಕುಳಿತಾಗ ಈ ಮಾತನ್ನು ಎತ್ತುವುದು ಕೂಡ ಗುರುಗಳಿಗೆ ಸಲ್ಲಿಸುವ ಗೌರವವೇ.

ಹೊಸ ಶಿಕ್ಷಕ

ನಾನು ವೃತ್ತಿಗೆ ಸೇರಿ ಇದು ಮೊದಲ ವರ್ಷ. ಇಲ್ಲಿನ ಬರಹಗಳನ್ನು ಓದಿ ಉತ್ಸಾಹವೂ ಆಗುತ್ತಿದೆ, ಹೊಣೆಯ ಭಾರವೂ ಅನ್ನಿಸುತ್ತಿದೆ. ನಿವೃತ್ತ ಅಧ್ಯಾಪಕಿ ಮೇಡಂ, ಯಾವ ಮಗುವಿನ ಬದುಕಿನಲ್ಲಿ ನಮ್ಮ ಯಾವ ನಡೆ ಉಳಿಯುತ್ತದೆ ಎಂಬುದು ಮುಂಚಿತವಾಗಿ ತಿಳಿಯುವುದಿಲ್ಲ ಎಂದಾದರೆ, ದಿನದ ಕೊನೆಗೆ ನಾನು ಸರಿಯಾಗಿ ಕೆಲಸ ಮಾಡಿದೆನೇ ಎಂಬುದನ್ನು ತಿಳಿಯುವುದು ಹೇಗೆ?

ನಿವೃತ್ತ ಅಧ್ಯಾಪಕಿ

ಪ್ರೀತಿಯ ಹೊಸ ಶಿಕ್ಷಕರೇ, ನಿಮ್ಮಂಥವರು ಇದನ್ನು ಕೇಳುತ್ತಿರುವುದೇ ನನಗೆ ಧೈರ್ಯ ಕೊಡುತ್ತದೆ. ಎಲ್ಲ ಮಕ್ಕಳ ಬದುಕನ್ನು ಬದಲಿಸಬೇಕು ಎಂದು ಹೊರಡಬೇಡಿ, ಅದು ಯಾರಿಂದಲೂ ಆಗುವುದಿಲ್ಲ. ನಾನು ಮಾಡುತ್ತಿದ್ದದ್ದು ಇಷ್ಟು: ಸಂಜೆ ಹಾಜರಿ ಪುಸ್ತಕವನ್ನು ತೆರೆದು ಹೆಸರುಗಳ ಮೇಲೆ ಬೆರಳಾಡಿಸುತ್ತಿದ್ದೆ. ಇವತ್ತು ಯಾವ ಮಗುವಿನೊಡನೆ ಒಂದು ಮಾತೂ ಆಡಲಿಲ್ಲವೋ ಆ ಹೆಸರಿನ ಬಳಿ ಪೆನ್ಸಿಲಿನಿಂದ ಚುಕ್ಕೆ ಇಡುತ್ತಿದ್ದೆ. ಮರುದಿನ ಆ ಮಗುವಿನಿಂದ ಶುರು. ತುಂಟ ಮಕ್ಕಳೂ ಜಾಣ ಮಕ್ಕಳೂ ತಾವಾಗಿಯೇ ನಮ್ಮ ಗಮನ ಸೆಳೆಯುತ್ತಾರೆ. ಚುಕ್ಕೆ ಬೀಳುವುದು ನಡುವಿನ ಬೆಂಚುಗಳಲ್ಲಿ ಸದ್ದಿಲ್ಲದೆ ಕುಳಿತವರ ಹೆಸರಿಗೆ. ಒಂದೇ ಹೆಸರಿಗೆ ಮತ್ತೆ ಮತ್ತೆ ಚುಕ್ಕೆ ಬೀಳುತ್ತಿದೆ ಎಂದರೆ ಅಲ್ಲಿ ಏನೋ ಇದೆ ಎಂದು ತಿಳಿಯಿರಿ, ಪಕ್ಕದಲ್ಲಿ ಕುಳಿತು ವಿಚಾರಿಸಿ. ಫಲಿತಾಂಶ ನಿಮ್ಮ ಕೈಯಲ್ಲಿಲ್ಲ, ಆದರೆ ಚುಕ್ಕೆಗಳು ಕಡಿಮೆಯಾಗುತ್ತಿವೆಯೇ ಎಂಬುದು ನಿಮ್ಮ ಕೈಯಲ್ಲಿದೆ.

ಹಳೆಯ ವಿದ್ಯಾರ್ಥಿ

ಎಲ್ಲರಿಗೂ ವಂದನೆಗಳು. ಇತಿಹಾಸದ ಅಧ್ಯಾಪಕರ ವಿಳಾಸ ಶಾಲೆಯಿಂದ ದೊರೆಯಿತು, ಪತ್ರವನ್ನು ಈ ವಾರವೇ ಬರೆಯುತ್ತೇನೆ. ಒಂದೇ ಘಟನೆಗೆ ಎರಡು ಬೇರೆ ಬೇರೆ ವರದಿಗಳನ್ನು ಕೊಟ್ಟು, ಇವರಿಬ್ಬರೂ ಏಕೆ ಹೀಗೆ ಬರೆದರು ಎಂದು ಅವರು ನಮ್ಮಿಂದ ಚರ್ಚೆ ಮಾಡಿಸುತ್ತಿದ್ದ ಪಾಠವನ್ನು ವಿವರಿಸಬೇಕೆಂದುಕೊಂಡಿದ್ದೇನೆ. ಇಂದು ಯಾವ ಸುದ್ದಿ ಓದಿದರೂ ನನ್ನಲ್ಲಿ ಮೊದಲು ಏಳುವ ಪ್ರಶ್ನೆ ಅದೇ. ಆರಂಭ ಹೇಗಿರಲಿ ಎಂಬುದೊಂದು ಮಾತ್ರ ಹೊಳೆಯುತ್ತಿಲ್ಲ.

ಲೆಕ್ಕಪರಿಶೋಧಕ

ಮೊದಲ ಸಾಲಿನಲ್ಲಿ ನಿಮ್ಮ ಹೆಸರು, ಓದಿದ ವರ್ಷ, ತರಗತಿ, ನೀವು ಕುಳಿತುಕೊಳ್ಳುತ್ತಿದ್ದ ಜಾಗ ಇಷ್ಟನ್ನು ಬರೆಯಿರಿ. ಸಾವಿರಾರು ಮಕ್ಕಳನ್ನು ಕಂಡವರಿಗೆ ನಿಮ್ಮನ್ನು ಗುರುತಿಸಲು ಅದರಿಂದ ಅನುಕೂಲವಾಗುತ್ತದೆ. ಎರಡನೆಯ ಸಾಲಿನಿಂದ ನೇರವಾಗಿ ಆ ಎರಡು ವರದಿಗಳ ಪಾಠಕ್ಕೆ ಬನ್ನಿ. ಉತ್ತರ ಬರೆಯುವ ಹೊರೆಯನ್ನು ಅವರ ಮೇಲೆ ಹಾಕಬೇಡಿ, ಆದರೆ ನಿಮ್ಮ ವಿಳಾಸವನ್ನು ಮರೆಯದೆ ಕೆಳಗೆ ಬರೆಯಿರಿ. ವಯಸ್ಸಾದವರು ಓದಬೇಕಾದ್ದರಿಂದ ಅಕ್ಷರ ಸ್ವಲ್ಪ ದೊಡ್ಡದಾಗಿರಲಿ.